ಚಕಮಕಿ ಕೋವಿ: ಕಿಡಿಯೊಂದು ಮದ್ದು ಮುಟ್ಟುವ ದಾರಿ

ಹಳೆಯ ಕೋವಿಯೊಂದು ಕೈಗೆ ಬಂದರೆ ಮೊದಲು ಮಾಡಬೇಕಾದದ್ದು ಅದನ್ನು ಒರೆಸಿ ಹೊಳಪೇರಿಸುವುದಲ್ಲ. ಕುದುರೆ ಎಳೆದು ನೋಡುವುದಂತೂ ಅಲ್ಲವೇ ಅಲ್ಲ. ಬಾಯಿಯ ನೇರಕ್ಕೆ ನಿಲ್ಲದೆ, ಮದ್ದು ಜಡಿಯುವ ಕೋಲನ್ನು, ಅಂದರೆ ಗಜವನ್ನು, ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಬೆರಳಿಟ್ಟು ಗುರುತು ಹಿಡಿಯಿರಿ. ಹೊರತೆಗೆದು ಅದೇ ಗಜವನ್ನು ನಳಿಗೆಯ ಹೊರಮೈಗೆ ಒಡ್ಡಿ ಅಳೆಯಿರಿ. ತುದಿ ಬುಡದ ಸಣ್ಣ ತೂತಿನವರೆಗೆ ಬಂದರೆ ನಳಿಗೆ ಖಾಲಿ. ಅದಕ್ಕೂ ಮೊದಲೇ ನಿಂತಿತೋ, ಒಳಗೆ ಏನೋ ಕೂತಿದೆ. ಒಣ ಜಾಗದಲ್ಲಿದ್ದ ಕರಿಮದ್ದು ನೂರು ವರ್ಷವಾದರೂ ಸತ್ವ ಕಳೆದುಕೊಳ್ಳುವುದಿಲ್ಲ. ಅಜ್ಜ ತುಂಬಿಟ್ಟದ್ದು ಮೊಮ್ಮಗನ ಕೈಯಲ್ಲಿ ಸಿಡಿಯಬಹುದು. ಅಂಥ ಕೋವಿಯನ್ನು ತಾವೇ ಕೆದಕದೆ, ಪರವಾನಗಿ ಇರುವ ಕೋವಿ ರಿಪೇರಿಯವರ ಕೈಗೆ ಒಪ್ಪಿಸಬೇಕು.

ಬಾಯಿಂದ ಮದ್ದು ಜಡಿಯುವ ಕೋವಿ ಮಲೆನಾಡಿಗೂ ಕೊಡಗಿಗೂ ಹೊಸದಲ್ಲ. ಆದರೆ ನಮ್ಮ ಹಿರಿಯರು ಕಂಡದ್ದು ಹೆಚ್ಚಾಗಿ ಕೇಪಿನ ಕೋವಿ. ಅದಕ್ಕೂ ಹಿಂದಿನದು ಚಕಮಕಿ ಕಲ್ಲಿನದು. ಅದನ್ನು ಇವತ್ತಿಗೂ ಕೈಯಾರೆ ಕಟ್ಟಿ, ತಿದ್ದಿ, ಗುರಿಗೆ ಹೊಡೆಯುವ ಹವ್ಯಾಸ ಬೇರುಬಿಟ್ಟಿರುವುದು ಅಮೆರಿಕದಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತ ನೆಲೆಸಿದ ಜರ್ಮನ್ ಮೂಲದ ಕುಶಲಕರ್ಮಿಗಳು ತಮ್ಮ ನಾಡಿನ ಗಿಡ್ಡ ಬೇಟೆ ರೈಫಲನ್ನು ತೆಳ್ಳಗೆ ಉದ್ದಕ್ಕೆ ಎಳೆದರು. ಮೂರೂವರೆ ಅಡಿಯ ನಳಿಗೆ, ಅಲೆಅಲೆಯ ಎಳೆಯಿರುವ ಮೇಪಲ್ ಮರ, ಹಿತ್ತಾಳೆಯ ಪುಟ್ಟ ಪೆಟ್ಟಿಗೆ. ಅದೇ ‘ಲಾಂಗ್ ರೈಫಲ್’. ಇಂಥ ಕೋವಿಯ ಆಸಕ್ತರು 1933ರಲ್ಲಿ ಕಟ್ಟಿಕೊಂಡ ರಾಷ್ಟ್ರೀಯ ಸಂಘ ಈಗಲೂ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿ ಸ್ಪರ್ಧೆ ನಡೆಸುತ್ತದೆ. ಪೆನ್ಸಿಲ್ವೇನಿಯಾದಲ್ಲಿ 1974ರಿಂದ ಚಕಮಕಿ ಕೋವಿಗೆಂದೇ ಮೀಸಲಾದ ಜಿಂಕೆ ಬೇಟೆಯ ಋತುವೂ ಇದೆ.

ಈ ಹವ್ಯಾಸದ ತಿರುಳು ಒಂದೇ: ಕಲ್ಲಿನಿಂದ ಎದ್ದ ಕಿಡಿ ನಳಿಗೆಯೊಳಗಿನ ಮದ್ದನ್ನು ಮುಟ್ಟಬೇಕು. ದಾರಿ ಒಂದೆರಡು ಅಂಗುಲದ್ದು. ಕಟ್ಟುವುದು, ತಿದ್ದುವುದು, ತೊಳೆಯುವುದು ಎಲ್ಲವೂ ಆ ದಾರಿಯನ್ನು ಕಾಯುವ ಕೆಲಸವೇ.

ಕಿಡಿ ಹುಟ್ಟುವ ಬಗೆ

ಕೋವಿಯಲ್ಲಿ ಮೂರು ಮುಖ್ಯ ಭಾಗ: ನಳಿಗೆ, ಮರ, ಲಾಕ್. ಲಾಕ್ ಎಂದರೆ ಬಲಗಡೆ ಕೂರುವ ಸ್ಪ್ರಿಂಗಿನ ಯಂತ್ರ. ಅದರ ಕುದುರೆಯ ದವಡೆಯಲ್ಲಿ ಚರ್ಮದ ತುಂಡು ಸುತ್ತಿದ ಚಕಮಕಿ ಕಲ್ಲು. ಎದುರಿಗೆ ಬಿಜಾಗರಿಯ ಮೇಲೆ ನಿಂತ ಉಕ್ಕಿನ ಫಲಕ. ಇದಕ್ಕೆ ಫ್ರಿಜನ್ ಎನ್ನುತ್ತಾರೆ. ಫಲಕದ ಬುಡವೇ ಮುಚ್ಚಳವಾಗಿ, ಕೆಳಗಿನ ಬಟ್ಟಲನ್ನು ಮುಚ್ಚಿರುತ್ತದೆ. ಬಟ್ಟಲಿನಲ್ಲಿ ಚಿಟಿಕೆ ನುಣುಪು ಮದ್ದು, ಹಳೆಯ ಮಾತಿನಲ್ಲಿ ರಂಜಕ. ಬಟ್ಟಲಿನ ಪಕ್ಕದಲ್ಲೇ ನಳಿಗೆಯ ಗೋಡೆಯಲ್ಲಿ ಸುಮಾರು ಒಂದೂವರೆ ಮಿಲಿಮೀಟರಿನ ತೂತು. ಅದನ್ನು ಕಿವಿ ಎನ್ನೋಣ.

ಟ್ರಿಗರ್ ಒತ್ತಿದಾಗ ಕುದುರೆ ಮುಂದಕ್ಕೆ ಬೀಳುತ್ತದೆ. ಕಲ್ಲಿನ ಅಂಚು ಫಲಕವನ್ನು ಮೇಲಿನಿಂದ ಕೆಳಕ್ಕೆ ಕೆರೆಯುತ್ತ ಹಿಂದಕ್ಕೆ ತಳ್ಳುತ್ತದೆ, ಬಟ್ಟಲು ತೆರೆದುಕೊಳ್ಳುತ್ತದೆ. ಉದುರುವ ಕಿಡಿ ಕಲ್ಲಿನದಲ್ಲ, ಉಕ್ಕಿನದು. ಕಲ್ಲು ಹೆರೆದ ಕೂದಲೆಳೆಯಷ್ಟು ಉಕ್ಕು ಘರ್ಷಣೆಗೆ ಕಾದು ಗಾಳಿಯಲ್ಲಿ ಉರಿಯುತ್ತದೆ. ಆ ಕಿಡಿಗೆ ರಂಜಕ ಹೊತ್ತಿ, ಅದರ ಜ್ವಾಲೆ ಕಿವಿಯೊಳಗೆ ನುಗ್ಗಿ, ಒಳಗಿನ ಮದ್ದು ಸಿಡಿಯುತ್ತದೆ. ಹದವಾಗಿರುವ ಲಾಕಿನಲ್ಲಿ ಬಟ್ಟಲಿನ ಸದ್ದೂ ನಳಿಗೆಯ ಸದ್ದೂ ಬೇರೆಬೇರೆಯಾಗಿ ಕೇಳಿಸುವುದಿಲ್ಲ. ಹದ ತಪ್ಪಿದರೆ ‘ಫುಸ್’ ಎಂದು ಬಟ್ಟಲಷ್ಟೇ ಉರಿದು ಸುಮ್ಮನಾಗುತ್ತದೆ.

ಗುಂಡಿಗೂ ಮೊದಲು ಬಟ್ಟಲಿನಲ್ಲಿ ಏಳುವ ಈ ಉರಿಯೇ ಚಕಮಕಿಯ ಕಾಲ ಮುಗಿಯಲು ಕಾರಣ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಬಾತುಕೋಳಿ ಬೇಟೆಯ ಹುಚ್ಚಿನವರು. ಬಟ್ಟಲಿನ ಮಿಂಚು ಕಂಡೊಡನೆ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದವು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕ ಬಳಸಿ ಅವರು 1807ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದ ಮುಂದೆ ಕೇಪು ಬಂತು.

ಕಟ್ಟುವುದು: ಮಸಿ ಹೇಳಿದಲ್ಲಿ ಉಳಿ

ಇಂದಿನ ಹವ್ಯಾಸಿಗಳಲ್ಲಿ ಹೆಚ್ಚಿನವರು ನಳಿಗೆಯನ್ನೂ ಲಾಕನ್ನೂ ಸಿದ್ಧವಾಗಿಯೇ ಕೊಳ್ಳುತ್ತಾರೆ. ಕಬ್ಬಿಣದ ಪಟ್ಟಿಯನ್ನು ಬಡಿದು ಬೆಸೆದು ನಳಿಗೆ ಮಾಡುವುದರಿಂದ ಹಿಡಿದು ಎಲ್ಲವನ್ನೂ ಕೈಯಲ್ಲೇ ಮಾಡಬಲ್ಲವರು ಬೆರಳೆಣಿಕೆಯಷ್ಟು. ಅಮೆರಿಕದ ಬಯಲು ವಸ್ತುಸಂಗ್ರಹಾಲಯ ಕಲೋನಿಯಲ್ ವಿಲಿಯಮ್ಸ್‌ಬರ್ಗಿನ ವಾಲೇಸ್ ಗಸ್ಲರ್ ಹಾಗೆ ಒಂದು ರೈಫಲ್ ಕಟ್ಟಿದ್ದು 1969ರ ಸಾಕ್ಷ್ಯಚಿತ್ರವೊಂದರಲ್ಲಿ ದಾಖಲಾಗಿ, ಈ ಕಸುಬಿಗೆ ಮರುಜೀವ ಕೊಟ್ಟಿತು. ಉಳಿದವರಿಗೆ ಸವಾಲು ಮರದಲ್ಲಿದೆ: ಲೋಹವನ್ನು ಸಂದಿಲ್ಲದೆ ಕೂರಿಸುವುದು.

ಅದರ ಗುಟ್ಟು ದೀಪದ ಮಸಿ. ಲೋಹದ ಭಾಗಕ್ಕೆ ತೆಳ್ಳಗೆ ಮಸಿ ಸವರಿ, ಕೊರೆದ ಗುಣಿಗೆ ಒತ್ತಿ ತೆಗೆಯುತ್ತಾರೆ. ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಮರ ಎತ್ತರವಿದೆ. ಅಷ್ಟನ್ನೇ ಉಳಿಯಲ್ಲಿ ಕೆರೆದು ಮತ್ತೆ ಮಸಿ, ಮತ್ತೆ ಒತ್ತು. ಒಂದು ಲಾಕ್ ಕೂರಿಸಲು ಹೀಗೆ ನೂರು ಸಲ ಮಾಡಿದವರಿದ್ದಾರೆ. ಅವಸರಪಟ್ಟು ಒಂದು ಏಟು ಜಾಸ್ತಿ ಹೊಡೆದರೆ ಆ ಸಂದು ಕೋವಿ ಇರುವವರೆಗೂ ಕಾಣುತ್ತದೆ.

ಅನುಕ್ರಮವೂ ಮುಖ್ಯ. ಮೊದಲು ನಳಿಗೆ, ಆಮೇಲೆ ಲಾಕ್, ಲಾಕಿಗೆ ಹೊಂದುವಂತೆ ಟ್ರಿಗರ್. ಬಟ್ಟಲಿನ ನಡುವಿಗೆ ಸರಿಯಾಗಿ, ಅದರ ಮೇಲಂಚಿನ ಮಟ್ಟಕ್ಕೆ ಕಿವಿ ಬರಬೇಕು. ತೀರಾ ಕೆಳಗಾದರೆ ರಂಜಕದಲ್ಲಿ ಹೂತು, ಜ್ವಾಲೆ ನುಗ್ಗುವ ಬದಲು ಬತ್ತಿಯಂತೆ ನಿಧಾನ ಉರಿಯುತ್ತದೆ. ಕಿವಿಯನ್ನು ಕೊನೆಗೆ ಕೊರೆಯುವುದು ಅದಕ್ಕೇ.

ಮೇಪಲ್ ಮರದ ಬಣ್ಣ ಡಬ್ಬಿಯಿಂದ ಬರುವುದಲ್ಲ. ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣ ಸವರಿ, ಮರವನ್ನು ಬಿಸಿಗೆ ಹಿಡಿಯುತ್ತಾರೆ. ಕೊಳಕು ಹಸಿರಾಗಿದ್ದದ್ದು ಕಣ್ಣೆದುರೇ ಕೆಂಗಂದಾಗಿ, ಅಡಗಿದ್ದ ಅಲೆಗಳು ಮೇಲೇಳುತ್ತವೆ. ಮೇಲೆ ಅಗಸೆ ಎಣ್ಣೆಯ ತೆಳು ಲೇಪ, ಒಂದು ಒಣಗಿದ ಮೇಲೆ ಇನ್ನೊಂದು. ನಳಿಗೆಗೆ ಕಂದು ಬಣ್ಣ ಬರಿಸುವುದು ಹತೋಟಿಯಲ್ಲಿಟ್ಟ ತುಕ್ಕು: ತೇವದಲ್ಲಿಟ್ಟು, ಏಳುವ ಪುಡಿ ಉಜ್ಜಿ ತೆಗೆದು, ಸಾಕೆನಿಸಿದಾಗ ಅಡುಗೆ ಸೋಡಾದ ನೀರಿನಲ್ಲಿ ತೊಳೆದು ನಿಲ್ಲಿಸಬೇಕು.

ಹಳತನ್ನು ತಿದ್ದುವಾಗ

ಹೊಸದಕ್ಕೆ ಬಣ್ಣ ಕೊಡುವುದು ಕಲೆ. ಹಳತರ ಬಣ್ಣ ಕೀಳುವುದು ಅನ್ಯಾಯ. ಇನ್ನೂರು ವರ್ಷ ಕೈ ತಾಗಿ ಮಾಗಿದ ಮೈಯನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದರೆ ಚರಿತ್ರೆಯೂ ಹೋಯಿತು, ಬೆಲೆಯೂ ಹೋಯಿತು. ಎಣ್ಣೆಬಟ್ಟೆಯಲ್ಲಿ ಒರೆಸಿ, ಹಬ್ಬುತ್ತಿರುವ ತುಕ್ಕನ್ನಷ್ಟೇ ತಡೆದರೆ ಸಾಕು. ಇತ್ತೀಚೆಗೆ ಕಟ್ಟಿದ ಕೋವಿಯಾದರೆ ಮಾತು ಬೇರೆ. ಅದರಲ್ಲಿ ಕಿಡಿ ಮಂಕಾಗಿದ್ದರೆ ಮೊದಲು ಕಲ್ಲಿನ ಅಂಚು ನೋಡಿ, ಮೊಂಡಾಗಿದ್ದರೆ ಚೂರು ಸಿಡಿಸಿ ಹರಿತ ಮಾಡಿ. ಹೊಸ ಕಲ್ಲಿಗೂ ಕಿಡಿ ಬಾರದಿದ್ದರೆ ಫಲಕದ ಗಡಸುತನ ಹೋಗಿದೆ, ಮತ್ತೆ ಹದ ಹಾಕಿಸಬೇಕು. ಒಳ್ಳೆಯ ಕಲ್ಲಿಗೆ ಇಂಗ್ಲೆಂಡಿನ ಬ್ರ್ಯಾಂಡನ್ ಊರು ಹೆಸರುವಾಸಿ. ಅಲ್ಲಿನದು ಕಪ್ಪು, ಫ್ರಾನ್ಸಿನದು ಜೇನುಬಣ್ಣ.

ಕುದುರೆಗೆ ಅರ್ಧ ಮೆಟ್ಟಿಲೊಂದಿದೆ. ಅಲ್ಲಿ ನಿಂತಾಗ ಟ್ರಿಗರ್ ಒತ್ತಿದರೂ ಅದು ಬೀಳಕೂಡದು. ಬಿದ್ದರೆ ಒಳಗಿನ ಕಚ್ಚು ಸವೆದಿದೆ. ಅದು ರಿಪೇರಿಯಾಗುವವರೆಗೆ ಆ ಕೋವಿಗೆ ಮದ್ದು ತೋರಿಸಬಾರದು.

ಗುರಿಯ ಕಟ್ಟೆಯಲ್ಲಿ

ಮೊದಲ ನಿಯಮ: ಕರಿಮದ್ದು ಮಾತ್ರ. ಇಂದಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆಯೇ ಸಿಡಿಯುತ್ತದೆ. ಎರಡನೆಯದು: ಮದ್ದು ತುಂಬಿಟ್ಟ ಕೊಂಬಿನಿಂದ ನೇರ ನಳಿಗೆಗೆ ಸುರಿಯಬಾರದು. ಒಳಗೆ ಕೆಂಡದ ಚೂರೊಂದು ಉಳಿದಿದ್ದರೆ ಕೈಯಲ್ಲಿನ ಕೊಂಬೇ ಬಾಂಬು. ಒಂದು ಸಲಕ್ಕೆ ಬೇಕಾದಷ್ಟನ್ನು ಅಳತೆಯ ಕೊಳವೆಗೆ ಸುರಿದುಕೊಂಡು ಅಲ್ಲಿಂದ ಹಾಕಬೇಕು.

.50 ಕ್ಯಾಲಿಬರಿನ ರೈಫಲಿಗೆ ಸಾಮಾನ್ಯವಾಗಿ .490 ಅಂಗುಲದ ಸೀಸದ ಗುಂಡು. ಉಳಿದ ಸಂದು ತುಂಬುವುದು ಎಣ್ಣೆ ಸವರಿದ ಹತ್ತಿ ಬಟ್ಟೆಯ ತುಣುಕು. ಎಂಜಲು ಹಚ್ಚುವವರೂ ಉಂಟು. ನಳಿಗೆಯ ಒಳಗಿನ ತಿರುವು ಗೆರೆಗಳನ್ನು ಹಿಡಿದು ಗುಂಡಿಗೆ ಸುತ್ತು ಕೊಡುವುದು ಈ ಬಟ್ಟೆಯೇ. ಗಜವನ್ನು ಬಾಯಿಯ ಹತ್ತಿರವೇ ಹಿಡಿದು, ಗೇಣುಗೇಣಾಗಿ ಒತ್ತಿ ಇಳಿಸಬೇಕು. ಗುಂಡು ಮದ್ದಿನ ಮೇಲೆ ಕೂತಾಗ ಬಾಯಿಯ ಮಟ್ಟದಲ್ಲಿ ಗಜದ ಮೇಲೊಂದು ಗೆರೆ ಗೀರಿಟ್ಟುಕೊಂಡಿರುತ್ತಾರೆ. ಆ ಗೆರೆ ಮುಟ್ಟದಿದ್ದರೆ ಗುಂಡಿಗೂ ಮದ್ದಿಗೂ ನಡುವೆ ಖಾಲಿ ಉಳಿದಿದೆ. ಹಾಗೇ ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ರಂಜಕ ಹಾಕುವುದು ಎಲ್ಲಕ್ಕಿಂತ ಕೊನೆಗೆ, ಗುರಿಯ ಕಡೆ ಮುಖ ಮಾಡಿದ ಮೇಲೆ.

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಬಲಗಡೆ ಯಾರೂ ನಿಲ್ಲಬಾರದು, ಕೋವಿಯ ಕಿವಿಯಿಂದ ಬೆಂಕಿ ಪಕ್ಕಕ್ಕೂ ಚಿಮ್ಮುತ್ತದೆ. ಸಿಡಿಯದಿದ್ದರೆ ಕೋವಿ ಇಳಿಸದೆ, ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ ಒಂದು ನಿಮಿಷ ಕಾಯಬೇಕು. ಕಿಡಿ ಇನ್ನೂ ದಾರಿಯಲ್ಲಿರಬಹುದು.

ಸುಟ್ಟ ಕರಿಮದ್ದಿನ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿ ಮಸಿಯಾಗಿ ಉಳಿಯುತ್ತದೆ. ಅದು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಹಾಗಾಗಿ ಅದೇ ದಿನ ನೀರಿನಲ್ಲಿ ತೊಳೆದು, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಎಣ್ಣೆ ಹಾಕಿಡಬೇಕು.

ನಮ್ಮ ನೆಲದಲ್ಲಿ

ಅಮೆರಿಕದ 1968ರ ಕೇಂದ್ರ ಕಾಯ್ದೆ ಈ ಬಗೆಯ ಕೋವಿಗಳನ್ನು ಬಹುಮಟ್ಟಿಗೆ ಪ್ರಾಚೀನ ವಸ್ತುಗಳೆಂದು ಹೊರಗಿಡುತ್ತದೆ. ರಾಜ್ಯಗಳ ಕಾನೂನು ಬೇರೆಬೇರೆ. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮದ್ದು ಜಡಿಯುವ ಕೋವಿಗೂ ಪರವಾನಗಿ ಬೇಕು. ಪರವಾನಗಿಯಿಲ್ಲದೆ ಮನೆಯಲ್ಲಿ ಕೋವಿ ಕಟ್ಟುವುದು ಅಪರಾಧ. ಆದರೆ ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೋಕ್ ಪೂ (ಕೋವಿ ಹೂ) ಸಿಕ್ಕಿಸಿಕೊಂಡು ಪೂಜೆಗೆ ನಿಲ್ಲುವ ಕೋವಿಗಳ ಬೆನ್ನಿಗಿರುವುದು ಆ ವಿನಾಯಿತಿ.

ನೋಡುವ ಖುಷಿಗಾದರೆ ಅಡ್ಡಿಯಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಾಡಿಸಿದ ಕೆಲವು ಚಕಮಕಿ ಕೋವಿಗಳಲ್ಲಿ ಕುದುರೆಯನ್ನೇ ಹುಲಿಯಾಗಿ ಕಡೆದಿದ್ದಾರೆ. 1799ರಲ್ಲಿ ಟಿಪ್ಪು ಮಡಿದ ನಂತರ ಅಂಥ ಹಲವು ಇಂಗ್ಲೆಂಡ್ ಸೇರಿದವು. ಚಿತ್ರ ಸಿಕ್ಕರೆ ಹುಲಿಯ ಬಾಯಿ ನೋಡಿ. ಕಲ್ಲು ಕೂರುವುದು ಅಲ್ಲೇ.

ಪರವಾನಗಿಯಿದ್ದು ಕಲಿಯುವವರಿಗೂ ಮೊದಲ ಪಾಠಕ್ಕೆ ಮದ್ದು ಬೇಕಿಲ್ಲ. ಖಾಲಿ ಕೋವಿಯ ದವಡೆಗೆ ಕಲ್ಲಿನ ಬದಲು ಅದೇ ಅಳತೆಯ ಮರದ ಚಕ್ಕೆ ಸಿಕ್ಕಿಸಿ, ಗೋಡೆಯ ಚುಕ್ಕೆಗೆ ಗುರಿ ಹಿಡಿದು ಟ್ರಿಗರ್ ಒತ್ತಿ. ಕುದುರೆ ಬಿತ್ತು, ಫಲಕ ತೆರೆಯಿತು. ಗುರಿ ಇನ್ನೂ ಚುಕ್ಕೆಯ ಮೇಲೇ ಇದೆಯೇ? ಕಿಡಿ ತನ್ನ ದಾರಿ ಮುಗಿಸುವವರೆಗೆ ಹೆಗಲು ಅಲುಗದಿರುವುದನ್ನು ಅಲ್ಲಿ ಕಲಿತರೆ, ಉಳಿದದ್ದನ್ನು ಮದ್ದು ನೋಡಿಕೊಳ್ಳುತ್ತದೆ.