ತೂಬು ಮುಚ್ಚಿದ ಕೆರೆ

ಕೋಲಾರದ ಕಡೆ ಕೆರೆಯಂಗಳವೆಂದರೆ ಬಹುಕಾಲ ಜಾಲಿಮುಳ್ಳು ಮತ್ತು ಹುಡುಗರ ಕ್ರಿಕೆಟ್ಟು. ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ಬರೀ ಬಂಡೆಪುಡಿ. ನೀರು ಸಿಕ್ಕರೆ ಅದರಲ್ಲಿ ಫ್ಲೋರೈಡ್. ಇಂಥ ಸೀಮೆಯ ಲಕ್ಷ್ಮೀಸಾಗರ ಕೆರೆಗೆ 2018ರ ಜೂನ್‌ನಲ್ಲಿ ನೀರು ಬಂತು. ಬಂದದ್ದು ಬೆಂಗಳೂರಿನ ಬಚ್ಚಲಿನಿಂದ.

ಕೆ.ಸಿ. ವ್ಯಾಲಿ, ಎಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಲೆಕ್ಕ ಹೀಗಿದೆ: ಎರಡನೇ ಹಂತದವರೆಗೆ ಶುದ್ಧೀಕರಿಸಿದ ಕೊಳಚೆ ನೀರು ದಿನಕ್ಕೆ 44 ಕೋಟಿ ಲೀಟರ್, ತುಂಬಬೇಕಾದ ಕೆರೆಗಳು 120ಕ್ಕೂ ಹೆಚ್ಚು. ನೀರನ್ನು ಮೇಲಿನ ಕೆರೆಗೆ ಪಂಪು ಮಾಡಿದರೆ ಸಾಕು. ಒಂದರ ಕೋಡಿ ಹರಿದು ಮುಂದಿನದು ತುಂಬುತ್ತದೆ. ಸರಪಳಿ ಕಟ್ಟಿದವರು ನಮ್ಮ ಹಿರೀಕರು, ಪಂಪು ಮಾತ್ರ ಹೊಸದು.

ಈ ನೀರಿನ ಪ್ರಯಾಣವೇ ಸ್ವಾರಸ್ಯ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿ.ಮೀ. ದೂರ, ಅರ್ಧ ಕಿ.ಮೀ. ಎತ್ತರಕ್ಕೆ ತಳ್ಳಿ ಬೆಂಗಳೂರಿಗೆ ತರುತ್ತಾರೆ. ನಗರದ ಪೂರ್ವದ ಇಳಿಜಾರು ದಕ್ಷಿಣ ಪಿನಾಕಿನಿಯದು. ಅಲ್ಲಿನ ಮನೆಗಳ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ದಾರಿ ಹಿಡಿಯುತ್ತದೆ. ಅದನ್ನು ತಡೆದು ಕೋಲಾರಕ್ಕೆ ಹತ್ತಿಸಿದರೆ ಪಾಲಾರ್ ಕಣಿವೆಯ ಕೆರೆಗಳಿಗೂ ಸೇರುತ್ತದೆ. ನದಿ ಜೋಡಣೆ ಎಂದು ದೊಡ್ಡ ದೊಡ್ಡ ಸಭೆ ನಡೆಸುವವರ ಕಣ್ಣೆದುರೇ ಮೂರು ಕಣಿವೆಗಳು ಬಚ್ಚಲಿನ ಮೂಲಕ ಜೋಡಣೆಯಾಗಿವೆ!

ಶುರುವಿನಲ್ಲೇ ರಾದ್ಧಾಂತವೂ ಆಯಿತು. ತಿಂಗಳೊಪ್ಪತ್ತಿನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟು, ನಡುವೆ ತಡೆಯಾಜ್ಞೆ. 2019ರಲ್ಲಿ ಹರಿವು ಮತ್ತೆ ಸರಾಗವಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕೇಬೇಕು ಎಂಬ ಹೋರಾಟಗಾರರ ಕೂಗು ಇನ್ನೂ ನಿಂತಿಲ್ಲ. ಅದು ನನಗೆ ಅತಿ ಎನಿಸುವುದಿಲ್ಲ. ಎರಡನೇ ಹಂತ ಸಾವಯವ ಕೊಳೆಯನ್ನು ತಿನ್ನುತ್ತದೆ. ನೈಟ್ರೇಟು, ರಂಜಕ, ಕರಗಿದ ಉಪ್ಪು ಬಹುಪಾಲು ಹಾಗೇ ಉಳಿಯುತ್ತವೆ.

ಆದ್ದರಿಂದಲೇ ಇಲ್ಲಿ ಕೆರೆಯ ಕಸುಬು ಬದಲಾಗಿದೆ. ಹಿಂದೆ ನೀರುಗಂಟಿ ತೂಬೆತ್ತಿದರೆ ಅಚ್ಚುಕಟ್ಟಿನ ಗದ್ದೆಗೆ ನೀರು. ಯಾರ ಮಡಿಗೆ ಎಷ್ಟು ಹೊತ್ತು ಎಂಬುದು ಅವನ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಈಗ ತೂಬು ಎತ್ತುವಂತಿಲ್ಲ, ಕಾಲುವೆಗೆ ಮೋಟರು ಇಳಿಸುವಂತಿಲ್ಲ. ನೀರು ನಿಂತಲ್ಲೇ ನಿಂತು ಇಂಗಬೇಕು. ಮಣ್ಣು ಸೋಸಿ ಕೊಟ್ಟದ್ದನ್ನು ರೈತ ತನ್ನ ಕೊಳವೆಬಾವಿಯಿಂದ ಎತ್ತಿಕೊಳ್ಳಬೇಕು. ಕೆರೆ ಪಕ್ಕದ ಬಾವಿಗಳಲ್ಲಿ ಮಟ್ಟ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳೆದಿದ್ದಾರೆ. ಟೊಮೆಟೊ, ಹಿಪ್ಪುನೇರಳೆ ಬೆಳೆಯುವವರಿಗೆ ಅಳತೆಪಟ್ಟಿ ಬೇಕಿಲ್ಲ, ಮೋಟರು ಎಷ್ಟು ಹೊತ್ತು ಓಡಿತು ಎನ್ನುವುದೇ ಲೆಕ್ಕ.

ಹವಾಮಾನ ಬದಲಾವಣೆಯ ಮಾತು ಇಲ್ಲಿಯೇ ಬರುವುದು. ಒಂದೇ ರಾತ್ರಿ ಸುರಿದು ಎರಡು ತಿಂಗಳು ಮುಖ ತೋರಿಸದ ಮಳೆಯನ್ನು ನಂಬಿ ಬೇಸಾಯ ಮಾಡುವುದು ಕಷ್ಟ. ಬೆಂಗಳೂರಿನ ಬಚ್ಚಲಾದರೋ ಬರಗಾಲದಲ್ಲೂ ಹರಿಯುತ್ತದೆ, ಬಾವಿಗೆ ಇಂಥ ಖಾಯಂ ಆಸರೆ ಬೇರೆಲ್ಲಿದೆ? ಆದರೆ ಸದಾ ತುಂಬಿದ ಕೆರೆಗೆ ತನ್ನದೇ ಸಂಕಟಗಳಿವೆ. ದೊಡ್ಡ ಮಳೆ ಬಂದ ದಿನ ಹಿಡಿದಿಡಲು ಜಾಗವಿರುವುದಿಲ್ಲ, ನೇರ ಕೋಡಿ. ಕೆರೆ ಬತ್ತಿದಾಗ ಗಾಡಿಗಟ್ಟಲೆ ಗೋಡು ತೆಗೆದು ಹೊಲಕ್ಕೆ ಹರಡುತ್ತಿದ್ದರು. ಬತ್ತದ ಕೆರೆಯಲ್ಲಿ ಗೋಡು ತೆಗೆಯುವುದು ಯಾವಾಗ? ಹೂಳು ತಳಕ್ಕೆ ಮೆತ್ತಿಕೊಂಡಷ್ಟೂ ಇಂಗುವುದು ಕಡಿಮೆ.

ಇಂಗಿದ ನೀರು ಬೆಳೆಗೆ ಬಿದ್ದು, ಉಳಿದದ್ದು ಮತ್ತೆ ಇಂಗಿ, ಅದೇ ಬಾವಿಗೆ ಮರಳುತ್ತದೆ. ಪ್ರತಿ ಸುತ್ತಿನಲ್ಲೂ ಆವಿಯಾಗುವುದು ನೀರು, ಹಿಂದೆ ಉಳಿಯುವುದು ಉಪ್ಪು. ಇದು ಒಂದೆರಡು ವರ್ಷದಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ನೀರುಗಂಟಿಯ ಜಾಗದಲ್ಲಿ ಈಗ ಸೀಸೆ ಹಿಡಿದು ಬಾವಿಯಿಂದ ಬಾವಿಗೆ ಅಲೆದು ನೀರು ಪರೀಕ್ಷಿಸುವವರು ಬೇಕು. ಆ ಸೀಸೆಯಲ್ಲಿ ಏನು ಸಿಕ್ಕಿತೆಂದು ಊರ ಚಾವಡಿಯ ಗೋಡೆಯ ಮೇಲೆ ಬರೆದು ಹಾಕುವವರೂ ಬೇಕು.