ಮುಳ್ಳು ಸುಳ್ಳು ಹೇಳಿದಾಗ

ಹಳೆಯ ವ್ಯಾನೊಂದು ಏರುದಾರಿಯನ್ನು ಹತ್ತುತ್ತಿದೆ. ಉಷ್ಣಮಾಪಕದ ಮುಳ್ಳು ಥಟ್ಟನೆ ಕೆಂಪು ಗೆರೆಯನ್ನು ಮುಟ್ಟುತ್ತದೆ. ಎಂಜಿನ್ನು ನಿಜವಾಗಿಯೂ ಕಾದಿದೆಯೇ? ಅಥವಾ ಮುಳ್ಳೇ ಸುಳ್ಳಾಡುತ್ತಿದೆಯೇ? ಕಾದಿದೆಯೆಂದೇ ಎಣಿಸಿ ಗಾಡಿಯನ್ನು ನಿಲ್ಲಿಸುವುದು ಜಾಣತನ. ತಣಿಯುವವರೆಗೆ ನೀರಿನ ಮುಚ್ಚಳವನ್ನು ಮುಟ್ಟಬಾರದು. ಒತ್ತಡಕ್ಕೆ ಸಿಕ್ಕ ಕುದಿನೀರು ಚಿಮ್ಮಿ ಮೈಯನ್ನು ಸುಟ್ಟೀತು.

1980ರ ದಶಕದ ಫೋಕ್ಸ್‌ವ್ಯಾಗನ್ ವ್ಯಾನನ್ನೇ ನೋಡೋಣ. ನೀರಿನಿಂದ ತಣಿಯುವ ಮಾದರಿಗಳಲ್ಲಿ ಎಂಜಿನ್ನು ಹಿಂದೆ, ರೇಡಿಯೇಟರು ಮುಂದೆ, ನಡುವೆ ಉದ್ದನೆಯ ಕೊಳವೆಗಳು. ಅವುಗಳಲ್ಲಿ ಗಾಳಿ ಸೇರಿಕೊಂಡರೆ ನೀರಿನ ಹರಿವು ಕೆಡುತ್ತದೆ. ಆದುದರಿಂದ ನೀರು, ಸೋರಿಕೆ, ಗಾಳಿ ಇವುಗಳ ಪರೀಕ್ಷೆಯೇ ಮೊದಲು.

ಅಲ್ಲಿ ದೋಷ ಕಾಣದಿದ್ದರೆ ಶಂಕೆ ವಿದ್ಯುತ್ತಿನತ್ತ ತಿರುಗಬೇಕು. ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ಸಂವೇದಕವು ಕಾದಂತೆಲ್ಲ ಅದರ ವಿದ್ಯುತ್ ತಡೆ ಇಳಿಯುತ್ತದೆ, ಮುಳ್ಳು ಏರುತ್ತದೆ. ಅದರ ತಂತಿಯನ್ನು ಕಳಚಿದೊಡನೆ ಮುಳ್ಳು ಕೆಳಗಿಳಿಯಬೇಕು. ಇಳಿಯದಿದ್ದರೆ ತಂತಿ ಎಲ್ಲಿಯೋ ಗಾಡಿಯ ಲೋಹಕ್ಕೆ ತಾಗಿರಬಹುದು, ಇಲ್ಲವೆ ಮಾಪಕದ ಕಡೆಯಲ್ಲೇ ದೋಷವಿರಬಹುದು. ಪೆಟ್ರೋಲಿನ ಮುಳ್ಳೂ ಜೊತೆಗೇ ಏರಿದ್ದರೆ, ಎರಡಕ್ಕೂ 10 ವೋಲ್ಟ್ ಒದಗಿಸುವ ನಿಯಂತ್ರಕವನ್ನು ಪರೀಕ್ಷಿಸಬೇಕು.

ಮುಳ್ಳು ಕೆಳಗಿದ್ದ ಮಾತ್ರಕ್ಕೆ ನೆಮ್ಮದಿಯೆಂದು ತಿಳಿಯಲಾಗದು. ಥರ್ಮೋಸ್ಟಾಟ್ ತೆರೆದೇ ನಿಂತರೆ ಎಂಜಿನ್ನು ಬೇಗ ಕಾಯದು. ಅದು ಸಣ್ಣ ದೋಷ. ಆದರೆ ನೀರೆಲ್ಲ ಸೋರಿ ಸಂವೇದಕದ ಸುತ್ತ ಬರಿಯ ಗಾಳಿ ಉಳಿದಿದ್ದರೆ, ಎಂಜಿನ್ನು ಬೇಯುತ್ತಿದ್ದರೂ ಮುಳ್ಳು ತಣ್ಣಗೆ ಮಲಗಿರಬಹುದು! ಮುಳ್ಳನ್ನು ನಂಬುವವನು ನೀರಿನ ಮಟ್ಟವನ್ನೂ ನೋಡುತ್ತಿರಬೇಕು. ಸಂವೇದಕ ಅಗ್ಗ, ಬಿರುಕುಬಿಟ್ಟ ಸಿಲಿಂಡರ್ ಹೆಡ್ಡು ಬಲು ದುಬಾರಿ.