ಮೊಳೆಯಿಲ್ಲದ ಹಡಗು, ನೆತ್ತಿಯ ಮೇಲಿನ ನಕ್ಷತ್ರ

ಜಗಳೂರು ಮಳೆ ಕಡಿಮೆ ಬೀಳುವ ತಾಲ್ಲೂಕು. ಅಲ್ಲಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಕಾರವಾರದ ಕಡಲು ಸುಮಾರು 240 ಕಿಲೋಮೀಟರ್ ದೂರ. ಇಂಥ ಬಯಲುನಾಡಿನಲ್ಲಿ ಕುಳಿತು ಹಡಗಿನ ವಿಷಯ ಓದುವುದೇಕೆ ಎಂದು ನೀವು ಕೇಳಬಹುದು. ಆದರೆ ದಿಕ್ಸೂಚಿ, ಉಪಗ್ರಹಗಳಿಲ್ಲದ ಕಾಲದಲ್ಲಿ ನಡುಗಡಲಿನ ನಾವಿಕ ನಂಬಿದ್ದುದು ನಿಮ್ಮ ಮನೆಯಂಗಳದಿಂದ ಕಾಣುವ ನಕ್ಷತ್ರಗಳನ್ನೇ. ಅವನ ವಿದ್ಯೆಯ ಮೊದಲ ಪಾಠವನ್ನು ಜಗಳೂರಿನಲ್ಲೇ ಕಲಿಯಬಹುದು. ಅದಕ್ಕೆ ಮುನ್ನ, ಅವನನ್ನು ಹೊತ್ತೊಯ್ಯುತ್ತಿದ್ದ ಹಡಗನ್ನು ನೋಡೋಣ.

ಹೊಲಿದ ಹಡಗು

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಒಂದು ವಿಚಿತ್ರ ಹಡಗು ಸೇರಿತು. ಸುಮಾರು 20 ಮೀಟರ್ ಉದ್ದದ ಈ ಹಡಗಿಗೆ ಎಂಜಿನ್ ಇಲ್ಲ. ಅದರ ಮೈಯ ಹಲಗೆಗಳನ್ನು ಜೋಡಿಸಲು ಕಬ್ಬಿಣದ ಮೊಳೆ ಬಳಸಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಡಗಿನ ಹೆಸರು 'ಕೌಂಡಿನ್ಯ'. ಹಿಂದೂ ಮಹಾಸಾಗರವನ್ನು ದಾಟಿ ಆಗ್ನೇಯ ಏಷ್ಯಾ ತಲುಪಿದನೆಂದು ಹೇಳಲಾಗುವ ಪ್ರಾಚೀನ ನಾವಿಕನ ಹೆಸರದು. ಹಾಯಿಗಳ ಮೇಲೆ ಸೂರ್ಯನ ಚಿತ್ರವಿದೆ, ನಮಗೆ ಪರಿಚಿತವಾದ ಗಂಡಭೇರುಂಡವೂ ಇದೆ.

ಇದಕ್ಕೆ ಮಾದರಿ ಅಜಂತಾ ಗುಹೆಯಲ್ಲಿರುವ ಐದನೇ ಶತಮಾನದ ಒಂದು ವರ್ಣಚಿತ್ರ. ಚಿತ್ರ ನೋಡಿ ಹಡಗು ಕಟ್ಟುವುದು ಸುಲಭವಲ್ಲ. ಚಿತ್ರದಲ್ಲಿ ಅಳತೆ ಇಲ್ಲ, ನೀರಿನೊಳಗಿನ ಭಾಗ ಕಾಣುವುದಿಲ್ಲ, ಹಲಗೆಯ ದಪ್ಪ ತಿಳಿಯುವುದಿಲ್ಲ. ಹಾಗಾಗಿ ನೌಕಾಪಡೆಯ ತಂತ್ರಜ್ಞರು ವಿನ್ಯಾಸವನ್ನು ಊಹಿಸಿ ರೂಪಿಸಬೇಕಾಯಿತು. ಅದರ ಮಾದರಿಯನ್ನು ಮದರಾಸು ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ನೀರಿನ ಪರೀಕ್ಷೆಗೆ ಒಳಪಡಿಸಲಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಗೋವಾದಲ್ಲಿ ಕೆಲಸ ಆರಂಭವಾಯಿತು. ಹೊಲಿಗೆಯ ಕೆಲಸ ಮಾಡಿದವರು ಕೇರಳದ ಕುಶಲಕರ್ಮಿಗಳು, ಅವರ ಮುಖ್ಯಸ್ಥರು ಬಾಬು ಶಂಕರನ್. 2025ರ ಫೆಬ್ರವರಿಯಲ್ಲಿ ಹಡಗು ನೀರಿಗಿಳಿಯಿತು.

ನಂತರ ನಿಜವಾದ ಪರೀಕ್ಷೆ. 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟ ಕೌಂಡಿನ್ಯ, 2026ರ ಜನವರಿ 14ರಂದು ಒಮಾನಿನ ಮಸ್ಕತ್ ತಲುಪಿತು. ಚಳಿಗಾಲದಲ್ಲಿ ಅರಬ್ಬೀ ಸಮುದ್ರದ ಮೇಲೆ ಗಾಳಿ ಈಶಾನ್ಯದಿಂದ ಬೀಸುತ್ತದೆ, ಆದ್ದರಿಂದ ಪಶ್ಚಿಮಕ್ಕೆ ಹೋಗಲು ಅದೇ ಸರಿಯಾದ ಕಾಲ. ಮುಂಗಾರಿನ ಹೊತ್ತಿಗೆ ಗಾಳಿ ನೈಋತ್ಯದಿಂದ ಬೀಸತೊಡಗಿ, ಹಿಂದಿನ ಹಾಯಿಹಡಗುಗಳನ್ನು ನಮ್ಮ ಕರಾವಳಿಗೆ ಮರಳಿ ತರುತ್ತಿತ್ತು. ಪಶ್ಚಿಮಘಟ್ಟದಲ್ಲಿ ಮಳೆ ಸುರಿಸಿ, ಜಗಳೂರಿನ ಮೇಲೆ ಒಣಗಾಳಿಯಾಗಿ ಹಾದುಹೋಗುವುದೂ ಇದೇ ಗಾಳಿ.

ಮೊಳೆ ಏಕೆ ಬೇಡ?

ಹೊಲಿಗೆ ಬಡವರ ಉಪಾಯವಲ್ಲ, ಅದಕ್ಕೆ ಕಾರಣಗಳಿವೆ. ಅಲೆಯ ತಲೆ ಹಡಗಿನ ನಡುಭಾಗಕ್ಕೆ ಬಂದಾಗ ಎರಡು ತುದಿಗಳೂ ಕೆಳಕ್ಕೆ ಬಾಗಲು ನೋಡುತ್ತವೆ. ಮರುಗಳಿಗೆಯಲ್ಲಿ ತುದಿಗಳು ಎರಡು ಅಲೆಗಳ ಮೇಲಿದ್ದು ನಡುಭಾಗ ಕುಸಿಯಲು ನೋಡುತ್ತದೆ. ದಿನವಿಡೀ ಈ ಎಳೆತ ನಡೆದೇ ಇರುತ್ತದೆ. ಮೊಳೆ ಗಟ್ಟಿ, ಆದರೆ ಬಾಗದು. ಒತ್ತಡವೆಲ್ಲ ಮೊಳೆ ಇರುವ ಒಂದೇ ತೂತಿನ ಸುತ್ತ ಸೇರಿ ಮರ ಸೀಳಬಹುದು. ಹಗ್ಗ ಸ್ವಲ್ಪ ಹಿಗ್ಗಿ ಒತ್ತಡವನ್ನು ಇಡೀ ಹೊಲಿಗೆಗೆ ಹಂಚುತ್ತದೆ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ವಸ್ತು ಹೆಚ್ಚಾಗಿರುವುದರಿಂದ ಅದು ಉಪ್ಪುನೀರಿನಲ್ಲಿ ಬೇಗ ಕೊಳೆಯುವುದಿಲ್ಲ.

ಕಟ್ಟುವ ಕ್ರಮವೂ ಬೇರೆ. ಹಲಗೆಗಳನ್ನು ಹಬೆಯಲ್ಲಿ ಬೇಯಿಸಿ, ಮೆದುವಾದಾಗ ಬೇಕಾದ ಆಕಾರಕ್ಕೆ ಬಾಗಿಸುತ್ತಾರೆ. ಅಂಚಿಗೆ ಅಂಚು ಸೇರಿಸಿ, ಸಮ ಅಂತರದಲ್ಲಿ ತೂತು ಕೊರೆಯುತ್ತಾರೆ. ಸಂದಿನ ಮೇಲೆ ನಾರಿನ ಪದರವಿಟ್ಟು, ಅದರ ಮೇಲೆ ಹಗ್ಗ ಹಾಯಿಸಿ ಬಿಗಿಯುತ್ತಾರೆ. ತೂತುಗಳಿಗೆ ನಾರು ತುರುಕಿ, ರಾಳ ಮತ್ತು ಎಣ್ಣೆ ಬಳಿಯುತ್ತಾರೆ. ನೀರು ತಾಗಿದಾಗ ಮರವೂ ನಾರೂ ಉಬ್ಬಿ ಸಂದು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ದೋಷಗಳೂ ಇವೆ. ನೀರು ಒಸರುವುದು ಪೂರ್ತಿ ನಿಲ್ಲುವುದಿಲ್ಲ, ಆಗಾಗ ಎಣ್ಣೆ ಬಳಿಯಬೇಕು, ಸವೆದ ಹಗ್ಗ ಬದಲಿಸಬೇಕು.

14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಈ ಭಾಗದ ಹಡಗುಗಳನ್ನು ನಾರಿನ ಹಗ್ಗದಿಂದ ಹೊಲಿಯುತ್ತಿದ್ದುದನ್ನು ಬರೆದಿದ್ದಾನೆ. ಕಬ್ಬಿಣದ ಮೊಳೆಯ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬುದು ಅವನು ಕೊಟ್ಟ ಕಾರಣ. ತುಂಗಭದ್ರೆಯ ಹರಿಗೋಲನ್ನು ನೀವು ನೋಡಿದ್ದರೆ ಈ ಮಾತು ಬೇಗ ಅರ್ಥವಾಗುತ್ತದೆ. ಹೆಣೆದ ಬಿದಿರಿನ ಹರಿಗೋಲು ಕಲ್ಲಿಗೆ ತಾಗಿದರೆ ಬಾಗಿ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಸೀಳುವುದಿಲ್ಲ.

ಮರೆತ ವಿದ್ಯೆ ಮರಳಿದ ಬಗೆ

ಹೀಗೆ ಹಳೆಯ ಹಡಗನ್ನು ಮತ್ತೆ ಕಟ್ಟಿ ಪರೀಕ್ಷಿಸಿದವರಲ್ಲಿ ಪೆಸಿಫಿಕ್ ಸಾಗರದ ಹವಾಯಿ ದ್ವೀಪದವರು ಬಹಳ ಮುಂದೆ ಹೋದವರು. ಅವರ ಪೂರ್ವಜರಾದ ಪಾಲಿನೇಷ್ಯದ ಜನ ಜೋಡಿದೋಣಿಗಳಲ್ಲಿ ಸಾವಿರಾರು ಕಿಲೋಮೀಟರ್ ದಾಟಿ ದ್ವೀಪಗಳಲ್ಲಿ ನೆಲೆಸಿದ್ದರು. ಅವರು ದಾರಿ ತಿಳಿದು ಬಂದವರಲ್ಲ, ಗಾಳಿಗೆ ಸಿಕ್ಕಿ ತೇಲಿಬಂದವರು ಎಂದು ಕೆಲವು ವಿದ್ವಾಂಸರು ವಾದಿಸಿದರು. ಉತ್ತರ ಕೊಡಲು 1973ರಲ್ಲಿ ಹವಾಯಿಯಲ್ಲಿ ಒಂದು ಸಂಘ ಹುಟ್ಟಿತು. ಅದು ಹಳೆಯ ಮಾದರಿಯ 'ಹೋಕುಲೆಅ' ಎಂಬ ಜೋಡಿದೋಣಿ ಕಟ್ಟಿತು. ಆದರೆ ಉಪಕರಣಗಳಿಲ್ಲದೆ ಅದನ್ನು ನಡೆಸಬಲ್ಲವರು ಹವಾಯಿಯಲ್ಲಿ ಯಾರೂ ಉಳಿದಿರಲಿಲ್ಲ. ಕೊನೆಗೆ ಮೈಕ್ರೊನೇಷ್ಯದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ಮಾವ್ ಪಿಯಾಯ್ಲುಗ್ ಬಂದರು. 1976ರಲ್ಲಿ ಅವರು ನಕ್ಷತ್ರ ಮತ್ತು ಅಲೆಗಳನ್ನಷ್ಟೇ ನೋಡಿ ಹವಾಯಿಯಿಂದ ತಾಹಿತಿಗೆ, ಸುಮಾರು 4000 ಕಿಲೋಮೀಟರ್, ದೋಣಿ ನಡೆಸಿದರು. ತಮ್ಮ ಪರಂಪರೆಗೆ ಹೊರಗಿನವರಾದ ಹವಾಯಿಯ ತರುಣರಿಗೆ ವಿದ್ಯೆಯನ್ನೂ ಕಲಿಸಿದರು. 1980ರಲ್ಲಿ ನೈನೊವಾ ಥಾಂಪ್ಸನ್ ಎಂಬ ಹವಾಯಿಯ ತರುಣ ಅದೇ ದಾರಿಯನ್ನು ಉಪಕರಣಗಳಿಲ್ಲದೆ ಕ್ರಮಿಸಿದ.

ಹೋಕುಲೆಅವನ್ನು ಪ್ಲೈವುಡ್ ಮತ್ತು ಗಾಜಿನ ನಾರಿನಿಂದ ಕಟ್ಟಿದ್ದರು. ಮುಂದೆ ಹಳೆಯ ವಸ್ತುಗಳಿಂದಲೇ ಇನ್ನೊಂದು ದೋಣಿ ಕಟ್ಟಲು ಹೊರಟಾಗ, ಹವಾಯಿಯ ಕಾಡುಗಳಲ್ಲಿ ಅದಕ್ಕೆ ಸಾಕಾಗುವಷ್ಟು ದೊಡ್ಡ ಕೋವಾ ಮರಗಳೇ ಸಿಗಲಿಲ್ಲ. ಅಲಾಸ್ಕಾದ ಮೂಲನಿವಾಸಿಗಳು ಕೊಟ್ಟ ಸ್ಪ್ರೂಸ್ ದಿಮ್ಮಿಗಳಿಂದ ದೋಣಿ ಮುಗಿಯಿತು. ವಿದ್ಯೆಯ ಜೊತೆಗೆ ಅದರ ಕಾಡೂ ಉಳಿಯಬೇಕು ಎಂಬುದು ಆಗ ತಿಳಿಯಿತು.

ಹೊಲಿಗೆಯ ಕಥೆಯೂ ಹೀಗೆಯೇ. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನಲ್ಲಿ 'ಸೊಹಾರ್' ಎಂಬ ಹೊಲಿದ ಹಡಗು ಕಟ್ಟಿಸಿ ಚೀನಾವರೆಗೆ ಹೋದ. ಅದನ್ನು ಹೊಲಿಯಲು ಲಕ್ಷದ್ವೀಪದ ಕುಶಲಕರ್ಮಿಗಳು ಬೇಕಾದರು. ಆ ವಿದ್ಯೆ ಉಳಿದಿದ್ದುದು ಗ್ರಂಥದಲ್ಲಿ ಅಲ್ಲ, ಅವರ ಬೆರಳುಗಳಲ್ಲಿ.

ಅಂಗಳದಲ್ಲಿ ಮಾಡಿ ನೋಡಿ

ಈಗ ನಾವಿಕನ ಮೊದಲ ಪಾಠ. ಚಂದ್ರನಿಲ್ಲದ ರಾತ್ರಿ, ದೀಪಗಳಿಂದ ದೂರ ನಿಂತು ಉತ್ತರಕ್ಕೆ ಮುಖ ಮಾಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಂಥ ಕಡೆ ಆಕಾಶ ಇನ್ನೂ ಚೆನ್ನಾಗಿ ಕಪ್ಪಾಗಿರುತ್ತದೆ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು ಸೇರಿದರೆ ಸುಮಾರು 5 ಡಿಗ್ರಿ. ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಮೂರು ಬೆರಳು ಇಡಿ. ಅಲ್ಲೇ ಧ್ರುವನಕ್ಷತ್ರ ಕಾಣಬೇಕು.

ಕಾರಣ ಸರಳ. ಧ್ರುವನಕ್ಷತ್ರ ಭೂಮಿಯ ಉತ್ತರ ಧ್ರುವದ ಹೆಚ್ಚುಕಡಿಮೆ ನೇರ ಮೇಲಿದೆ. ಆದ್ದರಿಂದ ದಿಗಂತದಿಂದ ಅದರ ಎತ್ತರವೇ ನಿಮ್ಮ ಊರಿನ ಅಕ್ಷಾಂಶ. ಜಗಳೂರಿನ ಅಕ್ಷಾಂಶ ಸುಮಾರು 14.5 ಡಿಗ್ರಿ, ಕಾರವಾರದ್ದು 14.8, ಮಸ್ಕತ್‌ನದು 23.6. ಹಿಂದಿನ ನಾವಿಕರು 'ಕಮಾಲ್' ಎಂಬ ಉಪಕರಣ ಬಳಸುತ್ತಿದ್ದರು. ಅದು ಗಂಟುಗಳಿದ್ದ ದಾರ ಕಟ್ಟಿದ ಒಂದು ಮರದ ತುಂಡು, ಅಷ್ಟೇ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯಾಗಿ ಚಾಚಿ, ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗುವಂತೆ ಹಿಡಿಯಬೇಕು. ಯಾವ ಗಂಟಿಗೆ ಸರಿಹೊಂದಿತು ಎಂಬುದು ಯಾವ ಬಂದರಿನ ಅಕ್ಷಾಂಶದಲ್ಲಿದ್ದೀರಿ ಎಂದು ಹೇಳುತ್ತದೆ. ಕಾರವಾರಕ್ಕೆ ಬರಬೇಕಾದವನು ನಕ್ಷತ್ರ ಕಾರವಾರದ ಗಂಟಿಗೆ ಇಳಿಯುವವರೆಗೆ ದಕ್ಷಿಣಕ್ಕೆ ಸಾಗಿ, ನಂತರ ಆ ಎತ್ತರ ಬಿಡದೆ ಪೂರ್ವಕ್ಕೆ ತಿರುಗಿದರೆ ಸಾಕು. ಹಡಗಿಗೆ ಘಟ್ಟ ಹತ್ತುವ ಶಕ್ತಿ ಇದ್ದಿದ್ದರೆ ಅದೇ ದಾರಿ ಅವನನ್ನು ಜಗಳೂರಿನ ಹತ್ತಿರಕ್ಕೇ ತರುತ್ತಿತ್ತು!

ಇದರ ಮಿತಿಯನ್ನೂ ಗಮನಿಸಿ. ಎತ್ತರ ಒಂದು ಡಿಗ್ರಿ ತಪ್ಪಿದರೆ ಸುಮಾರು 111 ಕಿಲೋಮೀಟರ್ ತಪ್ಪುತ್ತದೆ. ಪೂರ್ವ-ಪಶ್ಚಿಮದ ದೂರ ಈ ಅಳತೆಯಿಂದ ತಿಳಿಯುವುದೇ ಇಲ್ಲ. ಅದಕ್ಕೆ ವೇಗ, ದಿನಗಳ ಲೆಕ್ಕ ಬೇಕು, ಹಕ್ಕಿಗಳ ಹಾರಾಟ ನೋಡಬೇಕು. ನೀರಿನಲ್ಲಿ ಹಾವುಗಳು ಕಂಡರೆ ಭಾರತದ ಕರಾವಳಿ ಹತ್ತಿರವಾಯಿತು ಎಂದು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾವಿಕ ಕೈಪಿಡಿ ಹೇಳುತ್ತದೆ.

ಪೆಸಿಫಿಕ್‌ನವರದು ಇನ್ನೊಂದು ಉಪಾಯ. ಪ್ರತಿ ಅಕ್ಷಾಂಶಕ್ಕೂ ನೆತ್ತಿಯ ಮೇಲೆ ಹಾಯುವ ನಕ್ಷತ್ರಗಳು ಬೇರೆ ಬೇರೆ. ಹವಾಯಿಯ ನೆತ್ತಿಯ ಮೇಲೆ ಹಾಯುವುದು ನಮ್ಮ ಸ್ವಾತಿ. ಹೋಕುಲೆಅ ಎಂಬುದು ಸ್ವಾತಿಗೆ ಅವರಿಟ್ಟ ಹೆಸರೇ. ಜಗಳೂರಿನ ನೆತ್ತಿಯ ನಕ್ಷತ್ರ ಯಾವುದು? ಸಿಂಹರಾಶಿಯ ಬಾಲದ ತುದಿಯಲ್ಲಿರುವ ಉತ್ತರಾ. ಉತ್ತರೆ ಮಳೆಗೆ ಹೆಸರು ಕೊಟ್ಟ ನಕ್ಷತ್ರವೇ ಇದು. ಮೇ ತಿಂಗಳ ಮೊದಲ ವಾರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಅಂಗಳದಲ್ಲಿ ಚಾಪೆ ಹಾಕಿ ಅಂಗಾತ ಮಲಗಿ ನೋಡಿ, ಅದು ಸರಿಯಾಗಿ ನಿಮ್ಮ ನೆತ್ತಿಯ ಮೇಲಿರುತ್ತದೆ.

ಉಪಗ್ರಹಗಳು ದಾರಿ ತೋರುವಾಗ ಇದೆಲ್ಲ ಏಕೆ? ಹಡಗು ನಡೆಸುವವರು ಉಪಗ್ರಹವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಹೊಲಿಯುವ ಕೈ, ಅಲೆ ಓದುವ ಕಣ್ಣು ಒಂದು ತಲೆಮಾರು ಸುಮ್ಮನಿದ್ದರೆ, ಮುಂದಿನವರಿಗೆ ಉಳಿಯುವುದು ಗುಹೆಯ ಗೋಡೆಯ ಚಿತ್ರ ಮಾತ್ರ. ಹವಾಯಿಯವರಿಗೆ ಒಬ್ಬ ಮಾವ್ ಸಿಕ್ಕಿದರು, ಕೌಂಡಿನ್ಯಕ್ಕೆ ಹೊಲಿಯಬಲ್ಲ ಕೈಗಳು ಸಿಕ್ಕವು. ನಿಮ್ಮ ಸುತ್ತ ಹರಿಗೋಲು ಹೆಣೆಯುವವರೋ ನಾರಿನ ಹಗ್ಗ ಹೊಸೆಯುವವರೋ ಇದ್ದರೆ, ಅವರ ಪಕ್ಕದಲ್ಲಿ ಒಂದು ದಿನ ಕುಳಿತು ಕಲಿಯಿರಿ. ಅವರು ಬಳಸುವ ಮಾತುಗಳನ್ನು ಬರೆದಿಡಿ. ರಾತ್ರಿ ಮರಳುವಾಗ ಉತ್ತರಕ್ಕೆ ತಿರುಗಿ, ಒಂದು ಮುಷ್ಟಿ ಮೂರು ಬೆರಳು ಅಳೆದು ನೋಡಿ.